ಕತ್ತರಿಗಿಂತ ಮೊದಲು ಸೂಜಿ

ಹಳೆಯ ಸೀರೆಯಿಂದ ಐದು ನಿಮಿಷದಲ್ಲಿ ಗೌನು, ಹರಿದ ಜೀನ್ಸಿನಿಂದ ಹತ್ತು ನಿಮಿಷದಲ್ಲಿ ಬ್ಯಾಗು ಮಾಡಿ ತೋರಿಸುವ ವಿಡಿಯೊಗಳು ಈಗ ಎಲ್ಲರ ಫೋನಿನಲ್ಲೂ ಓಡುತ್ತಿವೆ. ನನ್ನ ಮೊಮ್ಮಗಳು ಅವನ್ನು ನೋಡುತ್ತಾಳೆ, ಪಕ್ಕದಲ್ಲಿ ಕೂತು ನಾನೂ ನೋಡುತ್ತೇನೆ. ಇಪ್ಪತ್ತರ ಹುಡುಗಿಯರು ‘ಬಟ್ಟೆ ಎಸೀಬೇಡಿ’ ಅನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ಆ ವಿಡಿಯೊಗಳಲ್ಲಿ ಹೆಚ್ಚಿನವು ಶುರುವಾಗುವುದೇ ಕತ್ತರಿಯಿಂದ. ಬಟ್ಟೆ ಯಾವ ನೂಲಿನದು, ಎಲ್ಲಿ ಸವೆದಿದೆ, ಇನ್ನೂ ಎಷ್ಟು ದಿನ ಬಾಳೀತು ಎಂದು ಕೈಯಾಡಿಸಿ ನೋಡುವುದಕ್ಕೆ ಮೊದಲೇ ಅದು ಎರಡು ತುಂಡಾಗಿರುತ್ತದೆ. ಹೊಲಿಗೆಯ ಜಾಗದಲ್ಲಿ ಗೋಂದು ಬರುತ್ತದೆ. ಅಂಟಿಸಿದ ಲೇಸು ಎರಡು ಸಲ ಒಗೆಯುವಷ್ಟರಲ್ಲಿ ಬಿಟ್ಟುಕೊಳ್ಳುತ್ತದೆ. ಒಂದು ಹಳೇ ಸೀರೆಯನ್ನು ಉಳಿಸುವ ಹೆಸರಿನಲ್ಲಿ ಮಣಿ, ಲೇಸು, ಗೋಂದಿನ ಗನ್ನು ಎಂದು ಹೊಸ ಸಾಮಾನು ಒಂದು ಚೀಲದಷ್ಟು ಮನೆಗೆ ಬರುತ್ತದೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ಮಗನ ಮನೆಯಲ್ಲಿದ್ದೇನೆ. ವೇಳಾಪಟ್ಟಿಯಲ್ಲಿ ನಮ್ಮ ವಿಷಯಕ್ಕೆ ಸಿಗುತ್ತಿದ್ದುದು ಮಧ್ಯಾಹ್ನದ ಕೊನೆಯ ಪೀರಿಯಡ್ಡು. ಹುಡುಗಿಯರು ಹೊಲಿಗೆಗೆ, ಹುಡುಗರು ಆಟದ ಬಯಲಿಗೆ. ಪರೀಕ್ಷೆ ಹತ್ತಿರ ಬಂತೆಂದರೆ ಆ ಪೀರಿಯಡ್ಡೂ ಗಣಿತದ ಮಾಸ್ತರರ ಪಾಲು. ಹೊಲಿಗೆಯೆಂದರೆ ಮದುವೆಯಾಗುವ ಹುಡುಗಿಗೆ ಬೇಕಾದದ್ದು, ಇಲ್ಲವೇ ಬೇರೆ ಕೆಲಸ ಸಿಗದವರು ಹೊಟ್ಟೆಪಾಡಿಗೆ ಹಿಡಿಯುವುದು ಎಂಬ ಎಣಿಕೆ ಆಗಲೂ ಇತ್ತು, ಈಗಲೂ ಇದೆ. ಈಚೆಗೆ ಅದಕ್ಕೆ ಮೂರನೆಯದೊಂದು ಸೇರಿದೆ: ಬಿಡುವಿದ್ದವರ ಹವ್ಯಾಸ. ಈ ಮೂರನ್ನೂ ನಾನು ಒಪ್ಪುವುದಿಲ್ಲ. ಉಡುವ ಬಟ್ಟೆಯನ್ನು ರಿಪೇರಿ ಮಾಡಿಕೊಳ್ಳುವುದು, ಹಳೆಯದನ್ನು ಬೇರೆ ಕೆಲಸಕ್ಕೆ ತಿರುಗಿಸುವುದು, ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಕಲಿಸಬೇಕಾದ ವಿದ್ಯೆ. ಫೋನು ನೋಡಿ ಒಂದು ಚೀಲ ಹೊಲಿಯಬಹುದು. ಬಟ್ಟೆಯ ಗುಣ ಮಾತ್ರ ಕೈಗೆ ತಿಳಿಯಬೇಕು, ಅದಕ್ಕೆ ಚಿಕ್ಕಂದಿನಿಂದ ಸೂಜಿ ಹಿಡಿದಿರಬೇಕು.

ಅಂಗಿಯ ಕಾಲರನ್ನೇ ತೆಗೆದುಕೊಳ್ಳಿ. ಗಂಡಸರ ಅಂಗಿ ಮೊದಲು ಸವೆಯುವುದು ಕಾಲರಿನ ಮಡಿಕೆಯಲ್ಲಿ. ಬೆವರು, ಗಡ್ಡದ ಚುಚ್ಚು, ಬ್ರಶ್ ಹಾಕಿ ತಿಕ್ಕುವುದು ಮೂರೂ ಸೇರಿ ಅಲ್ಲಿ ನೂಲು ಎದ್ದು ಬಿಳಿ ಗೆರೆ ಮೂಡುತ್ತದೆ. ಮೈ ಗಟ್ಟಿ ಇರುತ್ತದೆ, ತೋಳು ಗಟ್ಟಿ ಇರುತ್ತದೆ, ಒಂದು ಗುಂಡಿಯೂ ಹೋಗಿರುವುದಿಲ್ಲ, ಆದರೂ ಆ ಗೆರೆಯ ಕಾರಣಕ್ಕೆ ಅಂಗಿ ನೆಲ ಒರೆಸಲು ಹೋಗುತ್ತದೆ. ಕಾಲರಿಗೆ ಎರಡು ಮೈಗಳಿವೆ. ಹೊರಗೆ ಕಾಣುವುದು ಸವೆದಿದ್ದರೂ ಕೆಳಗಿನದು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇರುತ್ತದೆ. ಕುತ್ತಿಗೆ ಪಟ್ಟಿಯ ಮಧ್ಯಕ್ಕೂ ಕಾಲರಿನ ಮಧ್ಯಕ್ಕೂ ಬಣ್ಣದ ದಾರದಲ್ಲಿ ಒಂದೊಂದು ಗುರುತು ಹಾಕಿಕೊಂಡು, ಪಟ್ಟಿಗೂ ಕಾಲರಿಗೂ ಕೂಡಿಸಿದ ಹೊಲಿಗೆಯನ್ನು ಬ್ಲೇಡಿನ ಮೂಲೆಯಿಂದ ಒಂದೊಂದೇ ಕೊಯ್ಯುತ್ತಾ ಬಿಚ್ಚಬೇಕು. ಕಾಲರು ಕೈಗೆ ಬಂದ ಮೇಲೆ ಸಿಕ್ಕ ನೂಲಿನ ತುಣುಕುಗಳನ್ನು ಆರಿಸಿ, ಕಾಲರನ್ನು ಮೇಲು ಕೆಳಗು ತಿರುವಿ, ಗುರುತಿಗೆ ಗುರುತು ಕೂಡಿಸಿ ಪಟ್ಟಿಯ ಬಾಯಿಯೊಳಗೆ ಮತ್ತೆ ಸೇರಿಸಿ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಮಶೀನಿನಲ್ಲಿ ಒಂದು ಸಾಲು. ಹಳೆಯ ಸೂಜಿಯ ತೂತುಗಳೇ ದಾರಿ ತೋರಿಸುತ್ತವೆ. ಕಾಲರಿನ ತುದಿಗೆ ಗುಂಡಿ ಇರುವ ಅಂಗಿಗೆ, ಒಳಮೈಗೆ ಬೇರೆ ಬಣ್ಣದ ಬಟ್ಟೆ ಕೊಟ್ಟ ಅಂಗಿಗೆ ಇದು ಆಗುವುದಿಲ್ಲ. ಉಳಿದ ಅಂಗಿಗಳಿಗೆ ಸೊಗಸಾಗಿ ಆಗುತ್ತದೆ. ನಮ್ಮ ಮನೆಯವರು ಇಂಥ ಅಂಗಿಗಳನ್ನು ಹಾಕಿಕೊಂಡೇ ನಿವೃತ್ತಿಯವರೆಗೆ ಕಚೇರಿಗೆ ಹೋದರು, ಒಬ್ಬರಿಗೂ ಗೊತ್ತಾಗಲಿಲ್ಲ.

ಈ ಕೆಲಸ ಒಮ್ಮೆ ಮಾಡಿದ ಹುಡುಗನಿಗೆ ಅಂಗಿ ಹೇಗೆ ಕೂಡಿಕೊಂಡಿದೆ ಎಂಬುದು ತಿಳಿಯುತ್ತದೆ. ಮುಂದೆ ಅವನು ಅಂಗಡಿಗೆ ಹೋದಾಗ ಅಂಗಿಯನ್ನು ಒಳಮಗ್ಗುಲಾಗಿ ತಿರುವಿ ನೋಡುತ್ತಾನೆ. ಹೊಲಿಗೆ ಒತ್ತಾಗಿದೆಯೋ ಉದ್ದುದ್ದ ಹಾರಿದೆಯೋ, ಅಂಚಿನಲ್ಲಿ ಬಟ್ಟೆ ಬಿಟ್ಟಿದ್ದಾರೋ ಇಲ್ಲವೋ, ಕಾಜಾದ ನೂಲು ಈಗಲೇ ಜೋತಿದೆಯೋ ಎಂದು ಅವನಿಗೇ ಕಾಣುತ್ತದೆ. ಬಟ್ಟೆ ಹೊಲಿಯಲು ಬರದವನಿಗೆ ಕಾಣುವುದು ಬಣ್ಣ ಮತ್ತು ಬೆಲೆ ಎರಡೇ. ಕಡಿಮೆ ಬೆಲೆಗೆ ಸಿಕ್ಕಿತು ಎಂದು ತಂದ ಬಟ್ಟೆ ಮೂರು ತಿಂಗಳಿಗೆ ಅಂಚು ಬಿಡುವುದು, ಅದನ್ನು ಎಸೆದು ಮತ್ತೊಂದು ತರುವುದು, ಇದರ ಬೇರು ಇರುವುದು ನಮ್ಮ ಈ ಅಜ್ಞಾನದಲ್ಲಿ.

ನಮ್ಮ ಕಡೆ ಹಳೆಯ ಬಟ್ಟೆಯ ದೊಡ್ಡ ವಿದ್ಯೆಯೆಂದರೆ ಕೌದಿ ಎಂಬ ಹೊದಿಕೆ. ಪೇಟೆಯ ಮಂದಿ ಕೌದಿಯನ್ನು ಬಣ್ಣ ಬಣ್ಣದ ತುಂಡುಗಳ ಚಂದವೆಂದು ನೋಡುತ್ತಾರೆ. ನಮ್ಮ ಅತ್ತೆ ಕೌದಿಗೆ ಕೂತಾಗ ಬಣ್ಣ ಜೋಡಿಸುವುದಕ್ಕಿಂತ ಮೊದಲು ಬಟ್ಟೆ ಬೇರ್ಪಡಿಸುತ್ತಿದ್ದರು. ಮೈಗೆ ತಾಗುವ ಮೇಲ್ಪದರಕ್ಕೆ ಒಗೆದು ಒಗೆದು ಮೆತ್ತಗಾದ ಇಳಕಲ್ ಸೀರೆ. ನಡುವೆ ಹರಿದ ಧೋತರ, ಅಂಗಿಯ ಬೆನ್ನು, ಲಂಗದ ಘೇರು. ದಪ್ಪ ಪ್ಯಾಂಟಿನ ಬಟ್ಟೆ ಬೇಡವೇ ಬೇಡ, ಪದರ ಪದರ ಸೇರಿದ ಮೇಲೆ ಸೂಜಿ ಅದರಲ್ಲಿ ಇಳಿಯುವುದಿಲ್ಲ. ಹೊಸ ಬಟ್ಟೆಯ ತುಂಡು ಯಾರಾದರೂ ತಂದುಕೊಟ್ಟರೆ ಅದನ್ನು ಬದಿಗಿಡುತ್ತಿದ್ದರು. ಹೊಸದು ನೀರು ಕಂಡಾಗ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ಪಕ್ಕದ ತುಂಡನ್ನೂ ಎಳೆದು ಕೌದಿಯನ್ನು ಮುದುಡಿಸುತ್ತದೆ. ಹಳೆಯ ಬಟ್ಟೆ ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು ಸುಮ್ಮನಾಗಿರುತ್ತದೆ. ಕೌದಿಗೆ ಹಳೆಯದೇ ಯಾಕೆ ಬೇಕು ಎಂಬುದಕ್ಕೆ ಬಡತನದ ಜೊತೆಗೆ ಈ ಕಾರಣವೂ ಇದೆ. ಯಾವ ಪುಸ್ತಕವನ್ನೂ ಓದದ ಹೆಣ್ಣುಮಕ್ಕಳು ಇದನ್ನು ಕಂಡುಕೊಂಡಿದ್ದರು.

ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಬೇಕು. ಆಮೇಲೆ ನಾಲ್ಕು ಕಡೆ ನಾಲ್ವರು ಕೂತು ಅಂಚಿನಿಂದ ಒಳಗೆ ಹೊಲಿಯುತ್ತಾ ಬರಬೇಕು, ಒಂದು ಚೌಕದೊಳಗೆ ಇನ್ನೊಂದು ಚೌಕದಂತೆ. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳು ಜಾಗ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳಗಿನ ಹರಕು ಸರಿದು ಗಂಟಾಗುತ್ತದೆ. ಒತ್ತಾದ ಹೊಲಿಗೆ ಪ್ರತಿ ತುಂಡನ್ನೂ ಅದರ ಜಾಗದಲ್ಲೇ ಹಿಡಿದಿಡುವುದರಿಂದಲೇ, ಬಿಡಿಯಾಗಿ ಒಂದು ಜಗ್ಗಿಗೂ ತಾಳದ ಬಟ್ಟೆಗಳು ಒಟ್ಟಾಗಿ ವರ್ಷಗಟ್ಟಲೆ ಬಾಳುತ್ತವೆ. ಸೀರೆಯ ದಡಿ ಸುಲಭಕ್ಕೆ ಸವೆಯುವುದಿಲ್ಲ, ಹಾಗಾಗಿ ಅದು ಕೌದಿಯ ಸುತ್ತಂಚಿಗೆ ಹೋಗುತ್ತಿತ್ತು. ರೇಷ್ಮೆ ಸೆರಗಿನಲ್ಲಿ ಗಟ್ಟಿ ಉಳಿದದ್ದು ಕೂಸಿನ ಕುಂಚಿಗೆಗೆ. ಮೈಯ ಒಂದು ಭಾಗ ಮಾತ್ರ ಹರಿದ ಸೀರೆಗಳಿದ್ದರೆ ಕೌದಿಯ ಮಾತೇ ಇಲ್ಲ, ಎರಡು ಸೀರೆಗಳ ಗಟ್ಟಿ ಅರ್ಧಗಳನ್ನು ಕೂಡಿಸಿ ಒಂದು ಸೀರೆ ಮಾಡಿ ಮನೆಯಲ್ಲಿ ಉಡುತ್ತಿದ್ದರು. ‘ಹರದೈತಿ ಅಂತ ಒಗಿಬ್ಯಾಡ, ಎಲ್ಲಿ ಹರದೈತಿ ಅಂತ ನೋಡು’ ಎಂದು ಅತ್ತೆ ನನಗೆ ಹೇಳಿದ್ದನ್ನೇ ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಂಡು ಬಂದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ಪಡೆದಿದೆ. ಅವರು ಅದನ್ನು ಕವಂದ ಎನ್ನುತ್ತಾರೆ. ಒಂದು ಮೂಲೆಯಲ್ಲಿ ತುಂಡು ಇಟ್ಟು ಹೊಲಿಯಲು ತೊಡಗಿ, ಅಂಚು ಹಿಡಿದು ಸುತ್ತುತ್ತಾ, ತುಂಡುಗಳನ್ನು ಸೇರಿಸುತ್ತಾ ನಡುಮಧ್ಯಕ್ಕೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ‘ಫುಲ’ ಇಡದಿದ್ದರೆ ಅವರ ಕಣ್ಣಿಗೆ ಅದು ಮುಗಿದ ಕೆಲಸವೇ ಅಲ್ಲ. ಈಗ ಆ ಕವಂದಗಳು ಹೊರದೇಶದ ಪ್ರದರ್ಶನಗಳವರೆಗೆ ಹೋಗಿವೆ. ಅದು ಹೆಮ್ಮೆಯ ವಿಷಯ. ಆದರೆ ಪೇಟೆಯ ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಚೀಟಿ ಹೊತ್ತ ಕೌದಿಯನ್ನು ನೋಡಿದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಹೊಲಿದವಳಿಗೆ ಎಷ್ಟು ಕೊಟ್ಟಿರಿ? ಬೆನ್ನು ಬಗ್ಗಿಸಿ ವಾರಗಟ್ಟಲೆ ಕೂತು ಮಾಡುವ ಕೆಲಸ ಅದು. ಕೊಳ್ಳುವವರೆಲ್ಲ ಈ ಪ್ರಶ್ನೆ ಕೇಳಬೇಕು. ಉತ್ತರ ಸಿಗದ ಅಂಗಡಿಯಲ್ಲಿ ಕೊಳ್ಳಬಾರದು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ತೇಪೆ ಹಾಕಿದ ಬಟ್ಟೆ ಉಳ್ಳವರಿಗೆ ಈಗ ಫ್ಯಾಶನ್ ಆಗಿರಬಹುದು. ಇಲ್ಲದವರ ಮನೆಯ ಮಗು ತೇಪೆಯ ಚಡ್ಡಿ ಹಾಕಿಕೊಂಡು ಬೆಂಚಿನ ತುದಿಗೆ ಗೋಡೆಗೆ ಒತ್ತಿ ಕೂರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರಿಹಲಗೆಗೆ ಕರೆದರೆ ಎದ್ದು ಬರುತ್ತಿರಲಿಲ್ಲ. ಅದಕ್ಕೇ ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಮುತುವರ್ಜಿಯಿಂದ ಕಲಿಸುತ್ತಿದ್ದುದು ಕಾಣದ ತೇಪೆ. ಅಂಗಿ ಹರಿದರೆ ತೇಪೆಯ ಬಟ್ಟೆಯನ್ನು ಅದೇ ಅಂಗಿಯ ಕೆಳಬದಿಯಿಂದ, ಚಡ್ಡಿಯೊಳಗೆ ಸೇರಿಸುವ ಭಾಗದಿಂದ ತೆಗೆಯಬೇಕು. ಅದು ಮಿಕ್ಕ ಅಂಗಿಯಷ್ಟೇ ಒಗೆತ ಕಂಡಿರುತ್ತದೆ, ಬಣ್ಣ ಕೂಡುತ್ತದೆ. ಜೇಬಿನ ಹಿಂದಿನ ಬಟ್ಟೆ ತೆಗೆದರೆ ಬಿಸಿಲು ಕಾಣದ್ದರಿಂದ ಕಡುಬಣ್ಣ ಎದ್ದು ತೋರುತ್ತದೆ. ನೂಲಿನ ಓಟ ಒಂದೇ ದಿಕ್ಕಿಗಿರಬೇಕು, ಗೆರೆ ಇದ್ದರೆ ಗೆರೆಗೆ ಗೆರೆ ಸೇರಬೇಕು. ತೇಪೆ ಒಳಗಿನಿಂದ ಇಟ್ಟು, ಹರಿದ ಬಾಯನ್ನು ಒಳಮಡಿಸಿ, ಸಣ್ಣ ಹೆಮ್ಮಿಂಗ್. ಹಾಗೆ ಮಾಡಿದ ಅಂಗಿಯನ್ನು ಹಾಕಿಕೊಂಡ ಮಗು ಕರೆದರೆ ಎದ್ದು ಬರುತ್ತಿತ್ತು. ಹಳೆಯ ಬಟ್ಟೆಯ ಬಗ್ಗೆ ಮಾತಾಡುವವರು ಯಾರಿಗೆ ಅದು ಆಯ್ಕೆ, ಯಾರಿಗೆ ಅನಿವಾರ್ಯ ಎಂಬುದನ್ನು ಮರೆಯಬಾರದು. ಎಲ್ಲರೂ ಹೊಲಿದುಕೊಂಡು ಹಾಕುವ ಊರಿನಲ್ಲಿ ತೇಪೆ ಒಬ್ಬರ ಬಡತನವನ್ನು ಸಾರುವುದಿಲ್ಲ. ಹೊಲಿಗೆ ಎಲ್ಲ ಮಕ್ಕಳಿಗೂ ಬರಲಿ ಅನ್ನುವುದಕ್ಕೆ ನನಗಿರುವ ದೊಡ್ಡ ಕಾರಣ ಇದೇ.

‘ನಮಗೆ ಹೊಲಿಯೋಕೆ ಪುರಸೊತ್ತಿಲ್ಲ, ಯಾರಿಗಾದರೂ ಕೊಟ್ಟುಬಿಡುತ್ತೇವೆ’ ಅನ್ನುವವರು ಬಹಳ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ನಮ್ಮ ಬಾಗಲಕೋಟೆ ಜಿಲ್ಲೆ ಮುಳುಗಿದಾಗ ಬಟ್ಟೆಯ ಗಂಟುಗಳು ಬಂದು ಬಿದ್ದವು. ಒಂದು ಪರಿಹಾರ ಕೇಂದ್ರದಲ್ಲಿ ಅವನ್ನು ವಿಂಗಡಿಸಲು ನಾನೂ ಕೂತಿದ್ದೆ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಗುಂಡಿಯಿಲ್ಲದ ಅಂಗಿ, ಜಿಪ್ಪು ಕಿತ್ತ ಪ್ಯಾಂಟು, ಒಗೆಯದ ಚಾದರ, ಜರಿ ಚುಚ್ಚುವ ಮದುವೆಯ ಕುಪ್ಪಸ, ಇವನ್ನು ಮನೆ ಮಠ ಕಳೆದುಕೊಂಡು ಕೂತವರಿಗೆ ಹೇಗೆ ಕೊಡುವುದು? ಉಡುವಂಥದ್ದಕ್ಕಿಂತ ಉಡಲಾಗದ್ದರ ರಾಶಿಯೇ ದೊಡ್ಡದಾಯಿತು. ಕೊಡುವ ಮೊದಲು ಮನೆಯಲ್ಲೇ ಒಂದು ಗುಂಡಿ ಹಾಕಲು ಬಂದಿದ್ದರೆ ಅರ್ಧ ರಾಶಿ ಉಪಯೋಗಕ್ಕೆ ಬರುತ್ತಿತ್ತು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲೂ ಹೀಗೇ ಆಗಿತ್ತು. ಅಂಶು ಗುಪ್ತ ಅವರು 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ಆ ಬೇಡವಾದ ಬಟ್ಟೆಯ ರಾಶಿಗೆ ಕೈಹಾಕಿತು. ಹಳೆಯ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಮಾಡಿ ಹಳ್ಳಿಗಳಿಗೆ ತಲುಪಿಸುವ ಕೆಲಸವನ್ನು ಬೆಳೆಸಿತು. ಗುಪ್ತ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮರುಬಳಕೆಯ ಕಾರ್ಖಾನೆ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯದಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ ದೇಶ ವಿದೇಶಗಳ ಹಳೆಯ ಉಣ್ಣೆ ಬಟ್ಟೆಯನ್ನು ಹಿಂಜಿ, ಮತ್ತೆ ನೂತು ಕಂಬಳಿ ಮಾಡುತ್ತಾರೆ, ನಿಜ. ಆದರೆ ಇಡೀ ಜಗತ್ತಿನಲ್ಲಿ ಉಡುಪಿಗೆ ಬಳಸಿದ ಸಾಮಗ್ರಿಯಲ್ಲಿ ಮರಳಿ ಉಡುಪಾಗುವುದು ಶೇ 1ಕ್ಕಿಂತಲೂ ಕಡಿಮೆ ಎಂದು ಎಲೆನ್ ಮೆಕಾರ್ಥರ್ ಫೌಂಡೇಶನ್ 2017ರ ವರದಿಯಲ್ಲಿ ಹೇಳಿತು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿ ನೂತ ನೂಲನ್ನು ಬೇರೆ ಮಾಡುವುದು ಕಷ್ಟ. ನಾವು ಉಡುವುದರಲ್ಲಿ ಅಂಥದ್ದು ಈಗ ಬಹಳ.

ಪಾಲಿಯೆಸ್ಟರ್ ಬಟ್ಟೆಯ ಬಗ್ಗೆ ಮನೆಯವರಿಗೆಲ್ಲ ಒಂದು ಎಚ್ಚರಿಕೆ. ಹಳೇ ಪಾಲಿಯೆಸ್ಟರ್ ಸೀರೆಯಿಂದ ಒಲೆಯ ಮೇಲಿನ ಪಾತ್ರೆ ಹಿಡಿಯುವ ಮಸಿಬಟ್ಟೆ ಮಾಡಬೇಡಿ. ಬೆಂಕಿ ತಾಗಿದರೆ ಅದು ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಬಟ್ಟೆ ಯಾವುದೆಂದು ಗೊತ್ತಾಗದಿದ್ದರೆ ಅಂಚಿನಿಂದ ಎರಡು ನೂಲು ಎಳೆದು, ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಅದು ನೀರನ್ನೂ ಹೀರುವುದಿಲ್ಲ, ನೆಲ ಒರೆಸಿದರೆ ನೀರು ಆಚೀಚೆ ಹರಡುತ್ತದಷ್ಟೇ. ಅದರ ಗುಣಕ್ಕೆ ತಕ್ಕ ಕೆಲಸ ಸಂತೆ ಚೀಲ: ಬೇಗ ಒಣಗುತ್ತದೆ, ಭಾರ ತಾಳುತ್ತದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ. ಆವತ್ತಿನಿಂದ ಪ್ರತಿ ಮನೆಯೂ ಬೀರುವಿನಲ್ಲಿ ಬಿದ್ದ ಒಂದೊಂದು ಪಾಲಿಯೆಸ್ಟರ್ ಸೀರೆಯನ್ನು ಚೀಲ ಮಾಡಿಕೊಂಡಿದ್ದರೆ ಸಂತೆಯಲ್ಲಿ ಇವತ್ತಿಗೂ ಪ್ಲಾಸ್ಟಿಕ್ ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಹತ್ತಿಯ ಟಿ-ಶರ್ಟು ಹೆಣಿಗೆಯ ಬಟ್ಟೆ, ಕತ್ತರಿಸಿದರೆ ನೂಲು ಬಿಡುವುದಿಲ್ಲ. ಪಟ್ಟಿ ಪಟ್ಟಿಯಾಗಿ ಸೀಳಿ ಜಡೆ ಹಾಕಿ, ಸುರುಳಿ ಸುತ್ತಿ ಹೊಲಿದರೆ ಒಳ್ಳೆಯ ಕಾಲೊರೆಸು. ಇಳಕಲ್ಲಿನಂಥ ನೇಯ್ಗೆಯ ಸೀರೆ ಇನ್ನೂ ಗಟ್ಟಿಯಿದ್ದರೆ ದಯವಿಟ್ಟು ಅದನ್ನು ದಿಂಬಿನ ಕವರು ಮಾಡಬೇಡಿ. ಅದನ್ನು ಉಡಿ, ಇಲ್ಲವೇ ಉಡುವವರಿಗೆ ಕೊಡಿ. ಮೈಗೂ ಸೆರಗಿಗೂ ನೂಲಿಗೆ ನೂಲು ಕೊಂಡಿ ಹಾಕಿ ಕೂಡಿಸಿದ ಕೆಲಸದ ಮೇಲೆ ಕತ್ತರಿ ಆಡಿಸಲು ನನ್ನ ಕೈ ಬರುವುದಿಲ್ಲ.

ಈಗ ಶಾಲೆಯ ಮಾತು. ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣ ಎಂದರು. ನಾವು ಅದನ್ನು ಗಾಂಧಿ ಜಯಂತಿಯ ಭಾಷಣಕ್ಕೆ ಇಟ್ಟುಕೊಂಡೆವು. ಜಪಾನಿನಲ್ಲಿ 1947ರಿಂದಲೇ ಪ್ರಾಥಮಿಕ ಶಾಲೆಯ ಹುಡುಗರೂ ಹುಡುಗಿಯರೂ ಒಟ್ಟಿಗೆ ಮನೆವಾರ್ತೆಯ ಪಾಠ ಕಲಿಯುತ್ತಾರೆ, ಅದರಲ್ಲಿ ಹೊಲಿಗೆಯೂ ಸೇರಿದೆ. 1990ರ ದಶಕದಲ್ಲಿ ಅದನ್ನು ದೊಡ್ಡ ತರಗತಿಗಳ ಹುಡುಗರಿಗೂ ಕಡ್ಡಾಯ ಮಾಡಿದರು. ಫ್ರಾನ್ಸಿನಲ್ಲಿ 2023ರ ನವೆಂಬರಿನಲ್ಲಿ ಬಟ್ಟೆ, ಚಪ್ಪಲಿ ರಿಪೇರಿ ಮಾಡಿಸಿಕೊಂಡವರಿಗೆ 6ರಿಂದ 25 ಯೂರೊವರೆಗೆ ಬಿಲ್ಲಿನಲ್ಲೇ ರಿಯಾಯಿತಿ ಕೊಡಲು ಶುರುಮಾಡಿದರು. ನಮ್ಮಲ್ಲಿ ಸರ್ಕಾರ ಬೇರೆ ಬೇರೆ ಯೋಜನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರಗಳನ್ನು ಉಚಿತವಾಗಿ ಹಂಚುತ್ತದೆ. ಒಳ್ಳೆಯದೇ. ಆದರೆ ತರಬೇತಿಯೆಂದರೆ ಕುಪ್ಪಸ, ಚೂಡಿದಾರ. ರಿಪೇರಿಯನ್ನು ಯಾರಿಗೂ ಕಲಿಸುವುದಿಲ್ಲ. ಹೀಗಾಗಿ ಆಲ್ಟರೇಶನ್ ಎಂದು ಹೋದರೆ ಟೇಲರು ಮುಖ ತಿರುಗಿಸುತ್ತಾನೆ, ಹೊಸ ಕುಪ್ಪಸಕ್ಕೆ ಸಿಗುವ ಮಜೂರಿ ಅದಕ್ಕೆ ಸಿಗುವುದಿಲ್ಲ. ಅವನನ್ನು ದೂರುವಂತಿಲ್ಲ. ಕಾಲರು ತಿರುಗಿಸಿ ಹಾಕಿದ್ದಕ್ಕೆ ನ್ಯಾಯವಾದ ದುಡ್ಡು ಕೊಡಲು ನಾವು ಸಿದ್ಧರಿರಬೇಕು.

ಹೊಸ ವಿಷಯ ಸೇರಿಸಿದರೆ ಮಕ್ಕಳಿಗೆ ಹೊರೆ ಎನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಈಗಾಗಲೇ ತಿಂಗಳಿಗೊಂದು ‘ಸಂಭ್ರಮ ಶನಿವಾರ’ವಿದೆ, ಬ್ಯಾಗಿಲ್ಲದ ದಿನ. ವರ್ಷದಲ್ಲಿ ಅಂಥ ಕೆಲವು ಶನಿವಾರ ಸಾಕು. ಆರನೆಯ ತರಗತಿಗೆ ಗುಂಡಿ, ಹೆಮ್ಮಿಂಗ್, ಬಿಟ್ಟ ಹೊಲಿಗೆ. ಏಳಕ್ಕೆ ತೇಪೆ ಮತ್ತು ಚೀಲ. ಎಂಟನೆಯ ತರಗತಿಯ ಹುಡುಗರು ಹುಡುಗಿಯರು ಎಲ್ಲ ಸೇರಿ ಒಂದು ಕೌದಿ ಹೊಲಿದು ಊರಿನ ಅಂಗನವಾಡಿಗೆ ಕೊಡಲಿ, ಮಧ್ಯಾಹ್ನ ಮಲಗುವ ಮಕ್ಕಳಿಗೆ ಅಲ್ಲಿ ಹಾಸಲು ಬೇಕು. ಸೂಜಿಯಿಂದ ಕೈಗೆ ಚುಚ್ಚಿಕೊಂಡಾರು ಎಂಬ ಭಯ ಬೇಡ. ಕೈವಾರದ ಮುಳ್ಳಿನಷ್ಟೇ ಅದು, ಲೆಕ್ಕವಿಟ್ಟು ಕೊಟ್ಟು ಲೆಕ್ಕವಿಟ್ಟು ವಾಪಸು ತೆಗೆದುಕೊಂಡರಾಯಿತು. ಸಾಮಾನಿಗೆ ಖರ್ಚಿಲ್ಲ, ಪ್ರತಿ ಮಗು ಮನೆಯಿಂದ ಒಂದು ಹಳೆಯ ಬಟ್ಟೆ ತಂದರೆ ಸಾಕು.

ಕಲಿಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ಊರಿನಲ್ಲೇ ಇದೆ. ಹೊಲಿಗೆ ಟೀಚರುಗಳು ನಿವೃತ್ತಿಯಾದ ಎಷ್ಟೋ ಶಾಲೆಗಳಲ್ಲಿ ಆ ಜಾಗಕ್ಕೆ ಮತ್ತೆ ಯಾರೂ ಬಂದಿಲ್ಲ, ಅದನ್ನು ತುಂಬಬೇಕೆಂದು ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಕೌದಿ ಬಲ್ಲ ಹೆಣ್ಣುಮಕ್ಕಳನ್ನು, ಬಸ್‌ಸ್ಟ್ಯಾಂಡಿನ ಹತ್ತಿರ ಮಶೀನು ಇಟ್ಟುಕೊಂಡು ಕೂತ ಟೇಲರನನ್ನು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಶಾಲೆಗೆ ಕರೆಯಲಿ. ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದು ಕಳಿಸುವುದು ಸಾಲದು. ಆ ದಿನ ಅವರು ಬಿಟ್ಟುಬಂದ ಕೂಲಿ ಎಷ್ಟೋ ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆಯಾಗದಂತೆ ಗೌರವಧನ ಕೊಡಬೇಕು, ಅದನ್ನೂ ಸಂಜೆ ಅವರು ಮನೆಗೆ ಹೊರಡುವ ಮೊದಲೇ ಕೊಡಬೇಕು.